ಎಲ್ಲವೂ ಅಪ್ ಟು ಡೇಟ್ ಅಂತ ಯಾಕೆ ಹೇಳುತ್ತೀರಿ?

ಸಂಜೆಯಿಂದ ತಲೆ ಕೊರೆಯುತ್ತಿದೆ. ಬರೆಯದಿದ್ದರೆ ನಿದ್ದೆ ಬರಲ್ಲ.

ಬ್ಯಾನರ್ ಫೈಲ್ ಅದನ್ನು ಡಿಸೈನ್ ಮಾಡಿದವನೇ ಕಳಿಸಿದ್ದು. ಎಕ್ಸ್‌ಸಿಎಫ್, ಅಂದರೆ ಜಿಂಪ್ ಅನ್ನೋ ಚಿತ್ರ ತಿದ್ದುವ ತಂತ್ರಾಂಶದ ಸ್ವಂತ ಫೈಲ್ ಬಗೆ. ಜಿಂಪ್ 3ರಲ್ಲಿ ಮಾಡಿದ್ದನಂತೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಇರೋದು ಅದರ ಹಳೆಯ ಆವೃತ್ತಿ, 2.10. ತೆರೆದರೆ, ಈ ಆವೃತ್ತಿಯ ಫೈಲ್ ನಡೆಯಲ್ಲ ಅಂತ ಎರರ್. ಪ್ರಿಂಟಿಂಗ್ ಅಂಗಡಿಯಲ್ಲಿ ನಾಲ್ಕು ಜನ ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದರು. 'ಒಂದು ನಿಮಿಷ, ಅಪ್‌ಡೇಟ್ ಮಾಡ್ತೀನಿ' ಅಂದೆ. ಆಜ್ಞೆ ಟೈಪ್ ಮಾಡುವ ಟರ್ಮಿನಲ್ ತೆರೆದೆ. ಸುಡೋ ಆಪ್ಟ್ ಅಪ್‌ಡೇಟ್, ಅಂದರೆ ಹೊಸ ಆವೃತ್ತಿಗಳಿವೆಯಾ ನೋಡು ಅನ್ನೋ ಆಜ್ಞೆ. ಕೈ ನಡುಗಿ ಪಾಸ್‌ವರ್ಡ್ ಒಂದು ಸಲ ತಪ್ಪಾಯಿತು. ಸಾಲುಗಳು ಒಂದೊಂದಾಗಿ ಇಳಿದವು. ಕೊನೆಯ ಸಾಲು: 'ಆಲ್ ಪ್ಯಾಕೇಜಸ್ ಆರ್ ಅಪ್ ಟು ಡೇಟ್.' ಅಂಗಡಿ ಹುಡುಗ ಅದನ್ನು ಗಟ್ಟಿಯಾಗಿ ಓದಿದ. 'ಎಲ್ಲ ಹೊಸದೇ ಇದೆಯಲ್ಲ ಸಾರ್, ಮತ್ತೆ ಯಾಕೆ ಓಪನ್ ಆಗ್ತಿಲ್ಲ?' ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಅವನು ಮುಂದಿನವರನ್ನು ಕರೆದ.

ಜಿಂಪ್ 3.0 ಬಂದಿದ್ದು 2025ರ ಮಾರ್ಚ್‌ನಲ್ಲಿ. 2.10 ಶುರುವಾಗಿದ್ದು 2018ರಲ್ಲಿ!

ಕಾರಣ ಗೊತ್ತಿಲ್ಲ ಅಂತಲ್ಲ. ನನ್ನ ಡಿಸ್ಟ್ರೋದ (ತಂತ್ರಾಂಶಗಳನ್ನು ಜೋಡಿಸಿ ಕೊಡುವ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ) ಬೇರು ಡೆಬಿಯನ್ ಅನ್ನೋ ಇನ್ನೊಂದು ಡಿಸ್ಟ್ರೋ. ಅಲ್ಲಿ ಹೊಸ ಆವೃತ್ತಿ ಮೊದಲು ಸಿಡ್ ಅನ್ನೋ, ಇನ್ನೂ ಗಟ್ಟಿಯಾಗದ ಆವೃತ್ತಿಗಳ ವಿಭಾಗಕ್ಕೆ ಹೋಗಬೇಕು. ಸಾಮಾನ್ಯವಾಗಿ 5 ದಿನ ದೊಡ್ಡ ಬಗ್ ಕಾಣದಿದ್ದರೆ ಟೆಸ್ಟಿಂಗ್ ಅನ್ನೋ ಪರೀಕ್ಷೆಯ ವಿಭಾಗಕ್ಕೆ. ಆಮೇಲೆ ಫ್ರೀಜ್, ಅಂದರೆ ಹೊಸದು ಸೇರಿಸೋದು ನಿಲ್ಲುತ್ತದೆ. ಸುಮಾರು 2 ವರ್ಷಕ್ಕೊಮ್ಮೆ ಸ್ಟೇಬಲ್, ಅಂದರೆ ಎಲ್ಲರಿಗೂ ಬಿಡುವ ಗಟ್ಟಿ ಆವೃತ್ತಿ. ಒಮ್ಮೆ ಸ್ಟೇಬಲ್ ಆಯಿತು ಅಂದರೆ ಭದ್ರತೆಯ ತೇಪೆ, ಗಂಭೀರ ಬಗ್‌ಗಳ ರಿಪೇರಿ, ಅಷ್ಟೇ. ಹಾಗಿರೋದಕ್ಕೇ ನನ್ನ ಲ್ಯಾಪ್‌ಟಾಪ್ ಇವತ್ತಿನವರೆಗೆ ಕೈಕೊಟ್ಟಿಲ್ಲ, ಒಪ್ಪುತ್ತೇನೆ. ಪ್ಯಾಕೇಜ್ ಕಟ್ಟುವವರಲ್ಲಿ, ಅಂದರೆ ತಂತ್ರಾಂಶವನ್ನು ಡಿಸ್ಟ್ರೋಗೆ ಹೊಂದಿಸಿ ಕೊಡುವವರಲ್ಲಿ, ಎಷ್ಟೋ ಜನ ಸಂಬಳವಿಲ್ಲದೆ ದುಡಿಯುತ್ತಾರೆ. ಅವರ ಮೇಲೆ ಸಿಟ್ಟಿಲ್ಲ.

ಇಲ್ಲ, ಸಿಟ್ಟಿದೆ. ಆ 'ಅಪ್ ಟು ಡೇಟ್' ಅನ್ನೋ ಮಾತಿನ ಮೇಲೆ ಸಿಟ್ಟಿದೆ. ನಮ್ಮ ರೆಪೊದಲ್ಲಿ (ಡಿಸ್ಟ್ರೋದ ತಂತ್ರಾಂಶ ಸಂಗ್ರಹದಲ್ಲಿ) ಇರೋದು ಇಷ್ಟೇ, ಹೊರಗೆ ಹೊಸದು ಬಂದಿದೆ ಅಂತ ಒಂದು ಸಾಲು ಹೇಳೋಕೆ ಏನು ಕಷ್ಟ? ಯಾರಾದರೂ ಉತ್ತರ ಕೊಡಿ.

ರೆಪೊ ಬಿಟ್ಟು ಹೊಸ ಆವೃತ್ತಿಯನ್ನು ಬೇರೆಯಾಗಿ ತರುವ ಫ್ಲಾಟ್‌ಪ್ಯಾಕ್ ಹಾಕಿ ಅಂತೀರಿ, ಅಲ್ವಾ? ಅಂಗಡಿಯಲ್ಲಿ ನಿಂತುಕೊಂಡು, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ, ಅದು ಓಡೋಕೆ ಬೇಕಾದ ರನ್‌ಟೈಮ್ ಸೇರಿ ನೂರಾರು ಎಂಬಿ ಇಳಿಸಬೇಕಿತ್ತಾ?

ಹೋಗಲಿ. ಮನೆಗೆ ಬಂದು ಅದನ್ನೇ ಹಾಕಿದೆ. ಬೇರೆ ದಾರಿ ಏನಿದೆ? ಫೈಲ್ ತೆರೆಯಿತು. ಅಕ್ಷರಗಳ ಹಿಂದಿನ ನೆರಳೂ ಹಾಕಿದ ಹಾಗೇ ಇದೆ. ಆದರೆ ಅಂಗಡಿ ಬಾಗಿಲು ಹಾಕಿ ಎರಡು ಗಂಟೆ ಆಯಿತು. ಬ್ಯಾನರ್ ಕಟ್ಟಬೇಕಾಗಿರೋದು ನಾಳೆ ಬೆಳಿಗ್ಗೆ 7 ಗಂಟೆಗೆ.