‘ಕೆಎ’ ಬಂದದ್ದು 1973ರಲ್ಲಲ್ಲ

ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ದಿನವೇ ವಾಹನಗಳ ಫಲಕಕ್ಕೂ ‘ಕೆಎ’ ಬಂತು ಎಂಬ ಸಂದೇಶ ಪ್ರತಿ ನವೆಂಬರಿನಲ್ಲೂ ಮೊಬೈಲಿನಿಂದ ಮೊಬೈಲಿಗೆ ಹಾರುತ್ತದೆ. ಕೇಳಲು ಚೆನ್ನಾಗಿದೆ, ನಿಜವಲ್ಲ. ಹೆಸರು ಬದಲಾದದ್ದು 1973ರ ನವೆಂಬರ್ 1ರಂದು. ‘ಕೆಎ’ ಬಂದದ್ದು 1988ರ ಮೋಟಾರು ವಾಹನ ಕಾಯ್ದೆ 1989ರ ಜುಲೈ 1ರಂದು ಜಾರಿಯಾದ ನಂತರ.

ಮೈಸೂರು ರಾಜ್ಯದ ಕಾಲದ ಫಲಕಗಳು ‘ಎಂವೈ’ ಎಂದು ಶುರುವಾಗುತ್ತಿದ್ದವು. ಆಮೇಲೆ ಬಂದವು ‘ಸಿಎಆರ್’ ಥರದ, ‘ಸಿ’ಯಿಂದ ಆರಂಭವಾಗುವ ಮೂರಕ್ಷರಗಳು. ‘ಕೆ’ಯ ಸಾಲು ಆಗ ಕೇರಳದ ಬಳಿ ಇತ್ತು! ನಂಬಿಕೆ ಬಾರದಿದ್ದರೆ ಅಜ್ಜನ ಸ್ಕೂಟರಿನ ಹಳೆಯ ಫೋಟೊ ಹುಡುಕಿ: ಮೂರು ಅಕ್ಷರ, ಮುಂದೆ ಅಂಕಿ, ಅಷ್ಟೇ. ಈಗ ನೋಡಿದೊಡನೆ ಊರು ಹೇಳುವ 01, 09ರಂಥ ಕಚೇರಿ ಸಂಖ್ಯೆ ಅದರಲ್ಲಿ ಕಾಣುವುದಿಲ್ಲ.