ಶೇಕಡಾ 10ರ ಸುತ್ತೋಲೆ ಯಾವ ಕಾನೂನಿನಿಂದ ಬಂತು?

ತುಮಕೂರಿನ ಖಾಸಗಿ ಪದವಿ ಕಾಲೇಜೊಂದರ ಗ್ರಂಥಪಾಲಕನಾದ ನನಗೆ ಈ ವರ್ಷ ಅತಿ ಹೆಚ್ಚು ಕಾಟ ಕೊಟ್ಟಿರುವುದು ನಮ್ಮ ಆಡಳಿತ ಮಂಡಳಿಯವರು ಹೊರಡಿಸಿರುವ ಒಂದೇ ಪುಟದ ಸುತ್ತೋಲೆ. ಯಾವ ಪುಸ್ತಕದಿಂದಲೂ ಶೇಕಡಾ 10ಕ್ಕಿಂತ ಹೆಚ್ಚು ಪುಟಗಳನ್ನು ಜೆರಾಕ್ಸ್ ಮಾಡಿಸುವಂತಿಲ್ಲ, ಪ್ರಶ್ನೆಪತ್ರಿಕೆಯಲ್ಲಿ ಗದ್ಯಭಾಗವೊಂದನ್ನು ಕೊಡುವುದಕ್ಕೂ ಪ್ರಕಾಶಕರ ಲಿಖಿತ ಅನುಮತಿ ತರಬೇಕು, ಮೀರಿದವರಿಗೆ ಮೂರು ವರ್ಷ ಜೈಲು ಎಂದು ಅದರಲ್ಲಿ ಬರೆದಿದ್ದಾರೆ. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ 'ಕಾನೂನಿನ ಪ್ರಕಾರ' ಎಂದಿದೆ. ಯಾವ ಕಾನೂನು, ಯಾವ ಕಲಂ ಎಂಬುದು ಮಾತ್ರ ಎಲ್ಲಿಯೂ ಇಲ್ಲ.

ಈ ಶೇಕಡಾ 10ರ ಲೆಕ್ಕ ನಮ್ಮ ದೇಶದ್ದೇ ಅಲ್ಲ. ಅಮೆರಿಕದ 1976ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ ಕಾಲದಲ್ಲಿ ಅಲ್ಲಿನ ಶಿಕ್ಷಕರು ಮತ್ತು ಪ್ರಕಾಶಕರು ಕೂಡಿ ಒಪ್ಪಿಕೊಂಡ ಮಾರ್ಗಸೂಚಿಯಲ್ಲಿ, ಗದ್ಯಕೃತಿಯಾದರೆ 1,000 ಪದ ಅಥವಾ ಶೇಕಡಾ 10, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಎಂಬ ಮಾತು ಬರುತ್ತದೆ. ಅದು ಅಲ್ಲಿಯೂ ಕಾನೂನಲ್ಲ. ಬಳಕೆಯ ಉದ್ದೇಶವೇನು, ಕೃತಿ ಎಂಥದ್ದು, ಎಷ್ಟು ಭಾಗ ತೆಗೆದುಕೊಂಡಿದ್ದಾರೆ, ಮೂಲಕೃತಿಯ ಮಾರಾಟಕ್ಕೆ ಪೆಟ್ಟು ಬೀಳುತ್ತದೆಯೇ ಎಂಬ ನಾಲ್ಕು ಅಂಶಗಳನ್ನು ನೋಡಿಯೇ ಅಲ್ಲಿನ ನ್ಯಾಯಾಲಯಗಳು ತೀರ್ಮಾನಿಸುತ್ತವೆ. ಯಾರೋ ಎಲ್ಲಿಂದಲೋ ಇಳಿಸಿಕೊಂಡ ಸ್ಲೈಡುಗಳನ್ನು ನೋಡಿ ಅದನ್ನೇ ತಂದು ಬಿ.ಎಚ್. ರಸ್ತೆಯ ಜೆರಾಕ್ಸ್ ಅಂಗಡಿಗೂ ಅನ್ವಯಿಸುವವರಿಗೆ ಏನು ಹೇಳುವುದು?

ನಮ್ಮ ದೇಶದಲ್ಲಿರುವುದು 1957ರ ಕೃತಿಸ್ವಾಮ್ಯ ಕಾಯ್ದೆ. ಅದರ 52ನೆಯ ಕಲಂನ ಮೊದಲನೆಯ ಉಪಕಲಂ ಅನ್ನು ಓದುವ ತಾಳ್ಮೆಯಿದ್ದರೆ ಈ ಸುತ್ತೋಲೆ ಹುಟ್ಟುತ್ತಲೇ ಇರಲಿಲ್ಲ. ಬೋಧನೆಯ ಸಂದರ್ಭದಲ್ಲಿ ಶಿಕ್ಷಕರಾಗಲಿ ವಿದ್ಯಾರ್ಥಿಯಾಗಲಿ ಕೃತಿಯ ಪ್ರತಿ ಮಾಡಿಕೊಳ್ಳುವುದು, ಪರೀಕ್ಷೆಯ ಪ್ರಶ್ನೆಯಲ್ಲಿಯೂ ಅದರ ಉತ್ತರದಲ್ಲಿಯೂ ಕೃತಿಯನ್ನು ಬಳಸುವುದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ ಎಂದು ಅಲ್ಲಿ ಬಿಡಿಸಿ ಹೇಳಿದೆ. ಶೇಕಡಾವಾರು ಮಿತಿಯ ಸುಳಿವೂ ಇಲ್ಲ. ದೆಹಲಿ ವಿಶ್ವವಿದ್ಯಾಲಯದ ಆವರಣದ ಜೆರಾಕ್ಸ್ ಅಂಗಡಿಯೊಂದರ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮುಂತಾದ ದೊಡ್ಡ ಪ್ರಕಾಶಕರು 2012ರಲ್ಲಿ ದಾವೆ ಹೂಡಿದಾಗ, ಪಾಠಕ್ಕೆ ನಿಜವಾಗಿ ಎಷ್ಟು ಬೇಕು ಎಂಬುದೇ ಅಳತೆಗೋಲೆಂದು ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 2016ರ ಡಿಸೆಂಬರಿನಲ್ಲಿ ಹೇಳಿತು. ಮರುವರ್ಷ ಆ ಪ್ರಕಾಶಕರು ದಾವೆಯನ್ನೇ ಹಿಂತೆಗೆದುಕೊಂಡರು. ಇಷ್ಟೆಲ್ಲ ಆದ ಮೇಲೂ ನಮ್ಮ ಇಂಗ್ಲಿಷ್ ಉಪನ್ಯಾಸಕಿಯವರು ಕಿರುಪರೀಕ್ಷೆಗೆ ಅರ್ಧ ಪುಟದ ಗದ್ಯ ಕೊಡಲು ಪ್ರಕಾಶಕರಿಗೆ ಪತ್ರ ಬರೆದು, ಉತ್ತರಕ್ಕಾಗಿ ಕಾದು ಕುಳಿತು, ಕಡೆಗೆ ಬೇಸತ್ತು ತಾವೇ ಒಂದು ಗದ್ಯ ರಚಿಸಿಕೊಟ್ಟರು.

ಸಾರ್ವಜನಿಕ ಗ್ರಂಥಾಲಯಗಳಿಗೆ, ದೇಶದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕದ ಮೂರು ಪ್ರತಿಗಳವರೆಗೆ ಮಾಡಿಟ್ಟುಕೊಳ್ಳಲು ಇದೇ ಕಲಂ ಅವಕಾಶ ಕೊಟ್ಟಿದೆ. ಕಾಲೇಜಿನ ಗ್ರಂಥಾಲಯಕ್ಕೆ ಅದು ಎಷ್ಟರ ಮಟ್ಟಿಗೆ ಸಲ್ಲುತ್ತದೆ ಎಂದು ವಾದಿಸಬಹುದು, ಆದ್ದರಿಂದ ಅದನ್ನು ನಾನು ಎತ್ತಲು ಹೋಗಲಿಲ್ಲ.

ಆದರೆ ನನ್ನ ಹೊಟ್ಟೆಗೆ ಬೆಂಕಿ ಬಿದ್ದದ್ದು ಬೇರೆ ವಿಷಯಕ್ಕೆ. ಶಿರಾ ಕಡೆಯಿಂದ ಬಂದು ಹಾಸ್ಟೆಲಿನಲ್ಲಿರುವ, ಕಣ್ಣು ಕಾಣದ ವಿದ್ಯಾರ್ಥಿಯೊಬ್ಬ ನಮ್ಮಲ್ಲಿ ಇತಿಹಾಸ ಓದುತ್ತಿದ್ದಾನೆ. ಅವನ ಮೊಬೈಲು ಅಕ್ಷರಗಳನ್ನು ಓದಿ ಹೇಳುತ್ತದೆ, ಆದರೆ ಮುದ್ರಿತ ಪುಸ್ತಕ ಮೊದಲು ಸ್ಕ್ಯಾನ್ ಆಗಿ ಪಠ್ಯರೂಪಕ್ಕೆ ಬರಬೇಕು. ಹಾಗೆಂದು ಗ್ರಂಥಾಲಯದ ಸ್ಕ್ಯಾನರಿನಲ್ಲಿ ಪಠ್ಯಪುಸ್ತಕವನ್ನು ಒಂದೊಂದೇ ಪುಟ ಮಗುಚಿ ಇಡುತ್ತಿದ್ದಾಗ, ಮೇಲ್ವಿಚಾರಕರು ಬಂದು ಶೇಕಡಾ 10 ಮುಗಿಯಿತೆಂದು ನಿಲ್ಲಿಸಿದರು. 'ಸಾರ್, ಹಾಗಾದರೆ ನಾನು ಪರೀಕ್ಷೆಯನ್ನೂ ಶೇಕಡಾ 10ಕ್ಕೇ ಬರೆಯಲೇ?' ಎಂದು ಆ ಹುಡುಗ ಕೇಳಿದ ಪ್ರಶ್ನೆಗೆ ಅವರು ಗಡಿಯಾರ ನೋಡಿಕೊಂಡು ಹೊರಟರು. ಅಂಗವಿಕಲರು ಓದಬಲ್ಲ ರೂಪಕ್ಕೆ ಇಡೀ ಕೃತಿಯನ್ನು ಪರಿವರ್ತಿಸಿ, ಲಾಭ ಮಾಡಿಕೊಳ್ಳದೆ ಅವರಿಗೆ ಒದಗಿಸುವುದು ತಪ್ಪಲ್ಲವೆಂದು 2012ರ ತಿದ್ದುಪಡಿಯೇ ಸೇರಿಸಿದೆ. ಸಂಸತ್ತು ಕೊಟ್ಟದ್ದನ್ನು ಕಿತ್ತುಕೊಳ್ಳುವ ಅಧಿಕಾರ ಇವರಿಗೆ ಯಾರು ಕೊಟ್ಟರು?

ಇನ್ನೊಂದು ಪ್ರಸಂಗ ನಗುವಂಥದ್ದು. ಕನ್ನಡ ವಿಭಾಗದವರು ಬಿ.ಎಂ. ಶ್ರೀಕಂಠಯ್ಯನವರ ಕವಿತೆಗಳ ಪ್ರತಿ ಕೇಳಿದಾಗ ಅದಕ್ಕೂ ಅನುಮತಿ ಪತ್ರ ಬೇಕೆಂದರು. ಇದೇ ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಅವರು ತೀರಿಕೊಂಡದ್ದು 1946ರಲ್ಲಿ. ಲೇಖಕರು ಕಾಲವಾದ ಮರುವರ್ಷದ ಮೊದಲ ದಿನದಿಂದ ಎಣಿಸಿ 60 ವರ್ಷಕ್ಕೆ ಕೃತಿಸ್ವಾಮ್ಯ ಮುಗಿಯುವುದರಿಂದ, 2007ರಿಂದ ಆ ಕವಿತೆಗಳು ಎಲ್ಲರ ಸ್ವತ್ತು. (ಈಚಿನ ಸಂಪಾದಕರು ಬರೆದ ಮುನ್ನುಡಿಯ ಮಾತು ಬೇರೆ.) 1975ರಲ್ಲಿ ಕಾಲವಾದ ಡಿ.ವಿ.ಜಿ.ಯವರ ಕೃತಿಗಳಾಗಿದ್ದರೆ 2035ರ ಕೊನೆಯವರೆಗೆ ಹಕ್ಕು ಇರುತ್ತದೆ ಎಂದು ನಾನೇ ಒಪ್ಪುತ್ತಿದ್ದೆ, ಆಗಲೂ ತರಗತಿಗೆ ಬೇಕಾದ ಭಾಗಕ್ಕೆ ತೊಡಕಿರಲಿಲ್ಲ.

ಇಷ್ಟು ಕಟ್ಟುನಿಟ್ಟಿನವರು ತಾವಾದರೂ ಶುದ್ಧವಾಗಿದ್ದಾರೆಯೇ? ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿಗೆಂದು ಅಂಗಡಿಯಲ್ಲಿ ಧಾರಾಳವಾಗಿ ಸಿಗುವ ಪುಸ್ತಕವೊಂದನ್ನು, ರಕ್ಷಾಪುಟದಿಂದ ಹಿಡಿದು ಬೆಲೆ ಅಚ್ಚಾಗಿರುವ ಹಿಂಬದಿಯವರೆಗೆ ಜೆರಾಕ್ಸ್ ಮಾಡಿಸಿ, ಸ್ಪೈರಲ್ ಬೈಂಡಿಂಗ್ ಹಾಕಿಸಿ, ಮೇಲೆ ಕಾಲೇಜಿನ ಮೊಹರು ಒತ್ತಿ ಮಕ್ಕಳಿಗೆ ದುಡ್ಡಿಗೆ ಮಾರಿದವರು ಇದೇ ಮಂಡಳಿಯವರು. ಬರೆದವನ ಅನ್ನಕ್ಕೆ ನೇರವಾಗಿ ಕೈ ಹಾಕುವ ಈ ದಂಧೆಗೆ ಬೋಧನೆಯ ವಿನಾಯಿತಿ ನೆರಳಾಗಲಾರದು. ಸುತ್ತೋಲೆಯಲ್ಲಿ ಹೆದರಿಸಿರುವ ಜೈಲಿನ ಮಾತು ಇರುವ 63ನೆಯ ಕಲಂ, ಗೊತ್ತಿದ್ದೂ ಉಲ್ಲಂಘಿಸುವವರಿಗೆಂದೇ ಇರುವಂಥದ್ದು.

ಈ ಎಲ್ಲವನ್ನೂ ಕಲಂ ಸಮೇತ ಬರೆದು, ಸುತ್ತೋಲೆಯನ್ನು ಹಿಂಪಡೆಯಿರಿ, ಇಲ್ಲವೇ ಅದರ ಆಧಾರವನ್ನು ಲಿಖಿತವಾಗಿ ಕೊಡಿ ಎಂದು ಪ್ರಾಂಶುಪಾಲರ ಮೂಲಕ ಮನವಿ ಸಲ್ಲಿಸಿದ್ದೆ. ಉತ್ತರ ಬಂದಿದೆ. ಇನ್ನು ಮುಂದೆ ಜೆರಾಕ್ಸ್ ರಿಜಿಸ್ಟರಿನಲ್ಲಿ ಪುಸ್ತಕದ ಒಟ್ಟು ಪುಟಗಳೆಷ್ಟು, ಪ್ರತಿ ಮಾಡಿದ ಪುಟಗಳು ಶೇಕಡಾ ಎಷ್ಟು ಎಂದು ತೋರಿಸುವ ಎರಡು ಹೊಸ ಅಂಕಣಗಳನ್ನು ಗ್ರಂಥಪಾಲಕರು ಸ್ವತಃ ಗೆರೆ ಎಳೆದು ಮಾಡಿಕೊಳ್ಳತಕ್ಕದ್ದಂತೆ.