ಅಣ್ಣ ರೆಡಿ, ಚುನಾವಣೆ ಒಂದೇ ಬಾಕಿ

ನಮ್ಮ ಬಡಾವಣೆಯ ಸರ್ಕಲ್ಲಿನಲ್ಲಿ ಅಣ್ಣ ಮತ್ತೊಮ್ಮೆ ತಮ್ಮ ಉಮೇದುವಾರಿಕೆ ಘೋಷಿಸಿದ್ದಾರೆ. ಘೋಷಣೆ ಇಪ್ಪತ್ತಡಿ ಎತ್ತರವಿದೆ. ಮೇಲಿನ ಸಾಲಿನಲ್ಲಿ ದೆಹಲಿಯ ದೊಡ್ಡವರು ಕೇರಂ ಕಾಯಿಗಳ ಹಾಗೆ ದುಂಡಗೆ ಕೂತಿದ್ದಾರೆ. ಅವರ ಕೆಳಗೆ ರಾಜ್ಯದ ನಾಯಕರು, ಪಕ್ಕದಲ್ಲಿ ಎಮ್ಮೆಲ್ಲೆ ಸಾಹೇಬರು. ನಟ್ಟನಡುವೆ ಅಣ್ಣ: ಬಿಳಿ ಪ್ಯಾಂಟು, ಬಿಳಿ ಶರ್ಟು, ಮುಂಗೈಗೆ ಚಿನ್ನದ ಕಡಗ, ಕಿವಿಗೆ ಮೊಬೈಲು. ಯಾರ ಜೊತೆ ಮಾತಾಡುತ್ತಿದ್ದಾರೋ, 2020ರಿಂದ ಆ ಕರೆ ಮುಗಿದಿಲ್ಲ. ಪಾದದ ಬಳಿ ‘ಶುಭ ಕೋರುವವರು’ ಎಂದು ಹುಡುಗರ ಒಂದು ಹಿಂಡೇ ಇದೆ. ಅದರಲ್ಲಿ ಇಬ್ಬರು ಈಗ ಎದುರು ಪಾರ್ಟಿಯ ಫ್ಲೆಕ್ಸಿನಲ್ಲೂ ಶುಭ ಕೋರುತ್ತಿದ್ದಾರೆ. ಇದರ ಹಿಂದೆ ಬಸ್ ಸ್ಟಾಪಿನ ಬೋರ್ಡು ಇರಬೇಕು. 2018ರಲ್ಲಿ ಹೈಕೋರ್ಟು ಫ್ಲೆಕ್ಸ್ ಕಿತ್ತು ಹಾಕಿ ಎಂದು ಗದರಿದಾಗ ಸ್ವಲ್ಪ ಕಾಲ ಅದು ಕಂಡಿತ್ತು.

‘ಮುಂಬರುವ ಪಾಲಿಕೆ ಚುನಾವಣೆಯ ಪ್ರಬಲ ಆಕಾಂಕ್ಷಿ’ ಎಂದು ದಪ್ಪಕ್ಷರದಲ್ಲಿದೆ. ಬೆಂಗಳೂರಿನಲ್ಲಿ ಕಾರ್ಪೊರೇಟರ್‌ಗಳನ್ನು ಆರಿಸಲು ನಾವು ಸಾಲಲ್ಲಿ ನಿಂತದ್ದು 2015ರ ಆಗಸ್ಟಿನಲ್ಲಿ. ಗೆದ್ದವರ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. ಪಾಪ, ಅವರು ಹಾಲಿಯಾಗಿದ್ದಕ್ಕಿಂತ ಹೆಚ್ಚು ಕಾಲ ಮಾಜಿಯಾಗಿದ್ದಾರೆ. ಹಾಲಿಗಳೇ ಇಲ್ಲದ ಊರಿನಲ್ಲಿ ಮಾಜಿಗಳಿಗೂ ಆಕಾಂಕ್ಷಿಗಳಿಗೂ ಮಾತ್ರ ಬರವಿಲ್ಲ.

ಅಣ್ಣ ಮೊದಲ ಸಲ ಘೋಷಿಸಿದ್ದು ಆ ಲಾಕ್‌ಡೌನ್ ವರ್ಷದಲ್ಲೇ. ರೇಷನ್ ಕಿಟ್ ಕೊಟ್ಟರು: ಐದು ಕೇಜಿ ಅಕ್ಕಿ, ಒಂದು ಕೇಜಿ ತೊಗರಿಬೇಳೆ, ಎಲ್ಲದರ ಮೇಲೂ ಕೈಮುಗಿದ ಅಣ್ಣ. ಆ ವರ್ಷವೇ ಚುನಾವಣೆ ಎಂಬ ಲೆಕ್ಕ. ಡಿಸೆಂಬರಿನಲ್ಲಿ ಹೈಕೋರ್ಟು ‘ಆರು ವಾರದಲ್ಲಿ ವೇಳಾಪಟ್ಟಿ ಹೊರಡಿಸಿ’ ಎಂದಿತು. ಅಣ್ಣ ಪಟಾಕಿ ಹೊಡೆಸಿದರು. ಅದೇ ತಿಂಗಳು ಸುಪ್ರೀಂ ಕೋರ್ಟಿನಿಂದ ತಡೆ ಬಂತು. ಎದುರು ಪಾರ್ಟಿಯವರು ಪಟಾಕಿ ಹೊಡೆಸಿದರು. ಬೇಳೆ ಬೆಂದು ಜೀರ್ಣವಾಗಿ ಯಾವುದೋ ಕಾಲವಾಯಿತು. ಪ್ಲಾಸ್ಟಿಕ್ ಚೀಲ ಗಟ್ಟಿ ನೋಡಿ, ನಮ್ಮನೆಯಲ್ಲಿ ಈಗಲೂ ಅಣ್ಣನೊಳಗೆ ಹುಣಸೆಹಣ್ಣಿದೆ.

ಪಾಲಿಕೆಯ ಅವಧಿ ಮುಗಿಯುವ ಮೊದಲೇ ಮುಂದಿನ ಚುನಾವಣೆ ನಡೆದಿರಬೇಕು ಎಂದು ಹೇಳುವುದು ಸಂವಿಧಾನದ 243-ಯು ವಿಧಿ. ಆಗಿನ ಸರ್ಕಾರ ಈ ಸಂಖ್ಯೆಯನ್ನಾದರೂ ಭಕ್ತಿಯಿಂದ ಪಾಲಿಸಿತು. ಹೊಸ ಕಾಯ್ದೆ ತಂದು, 198 ಇದ್ದ ವಾರ್ಡುಗಳನ್ನು ಸರಿಯಾಗಿ 243 ಮಾಡಿತು. ಕೆಲವಕ್ಕೆ ರಣಧೀರ ಕಂಠೀರವ, ವೀರ ಮದಕರಿ, ಚಾಣಕ್ಯ ಎಂದು ಹೆಸರಿಟ್ಟಿತು. ವೀರರೆಲ್ಲ ಬಂದರು, ಚುನಾವಣೆ ಬರಲಿಲ್ಲ. ಆಮೇಲೆ ಬಂದ ಸರ್ಕಾರ, 243 ಅವೈಜ್ಞಾನಿಕ ಎಂದು ವಿಜ್ಞಾನವನ್ನೆಲ್ಲ ಬಳಸಿ 225 ಮಾಡಿತು. ಅದೂ ಮನಸ್ಸಿಗೆ ಹಿಡಿಸದೆ 2025ರಲ್ಲಿ ಪಾಲಿಕೆಯನ್ನೇ ಐದು ತುಂಡು ಮಾಡಿ, ಮೇಲೊಂದು ಪ್ರಾಧಿಕಾರ ಕೂರಿಸಿ, ನವೆಂಬರಿನಲ್ಲಿ 369 ವಾರ್ಡುಗಳ ಅಂತಿಮ ಪಟ್ಟಿ ಕೊಟ್ಟಿತು. ಎಣಿಸುವುದರಲ್ಲಿ ನಮ್ಮ ಸರ್ಕಾರಗಳು ಎಂದೂ ಹಿಂದೆ ಬಿದ್ದಿಲ್ಲ. ಓಟು ಎಣಿಸುವುದೊಂದು ಬಿಟ್ಟು.

ಪ್ರತಿ ಸಲ ಗೆರೆ ಎಳೆದಾಗಲೂ ಅಣ್ಣನ ಬಂಡವಾಳ ಪಕ್ಕದವರ ಪಾಲಾಗುತ್ತದೆ. ಗೌರಿ ಹಬ್ಬಕ್ಕೆ ಬಾಗಿನ ಕೊಟ್ಟ ನಾಲ್ಕು ಬೀದಿ ಒಂದು ವಾರ್ಡಿಗೆ ಹೋಯಿತು. ಮೇಲ್ಮರುವತ್ತೂರು ಓಂಶಕ್ತಿಗೆ ಬಸ್ಸು ಮಾಡಿ ಕಳಿಸಿದ ಹೆಣ್ಣುಮಕ್ಕಳೆಲ್ಲ ಇನ್ನೊಂದಕ್ಕೆ. ಮೊನ್ನೆಯ ಪಟ್ಟಿಯಲ್ಲಂತೂ ಅಣ್ಣನ ಮನೆ ಪಶ್ಚಿಮ ಪಾಲಿಕೆಗೂ ಫ್ಲೆಕ್ಸು ದಕ್ಷಿಣ ಪಾಲಿಕೆಗೂ ಸೇರಿವೆ. ಹೆಂಗಸರು ಮಾತ್ರ ಗಡಿ-ಗಿಡಿ ನೋಡುವವರಲ್ಲ. ‘ನಮ್ದು ಬೇರೆ ವಾರ್ಡಂತೆ, ಆದ್ರೂ ಮಾಲೆ ಹಾಕಿದೀವಿ ಅಣ್ಣಾ, ಈ ಸಲ ಬಸ್ಸು ಯಾವತ್ತು?’ ಎಂದು ಬಂದು ನಿಂತರು. ಇಲ್ಲ ಎನ್ನಲಾದೀತೇ? ನಾಳೆ ಸರ್ಕಾರ ಬದಲಾಗಿ ಗೆರೆ ಮತ್ತೆ ಇತ್ತ ಬಂದರೆ?

ಇದಕ್ಕಿಂತ ದೊಡ್ಡ ಪೆಟ್ಟು ಮೀಸಲಾತಿಯದು. 2022ರಲ್ಲಿ ಪಟ್ಟಿ ಹೊರಬಿದ್ದಾಗ ವಾರ್ಡು ಮಹಿಳೆಗೆ ಎಂದಾಯಿತು. ಬೆಳಗಾಗುವುದರೊಳಗೆ ಸರ್ಕಲ್ಲಿನಲ್ಲಿ ಅಣ್ಣನ ಜಾಗದಲ್ಲಿ ಅಕ್ಕ. ರೇಷ್ಮೆ ಸೀರೆ, ಕಾಸಿನ ಸರ, ‘ಬಡವರ ಬಂಧು’ ಇದ್ದದ್ದು ‘ಬಡವರ ತಾಯಿ’. ಅಣ್ಣ ಹಿಂದೆ ಸಣ್ಣದಾಗಿ, ಮೊಬೈಲು ಹಿಡಿದೇ. ಸೆಪ್ಟೆಂಬರಿನ ಕೊನೆಯ ದಿನ ಹೈಕೋರ್ಟು ಆ ಪಟ್ಟಿಯನ್ನು ರದ್ದು ಮಾಡಿತು. ಅಕ್ಕ ಕೆಳಗಿಳಿದರು, ಅಣ್ಣ ಮತ್ತೆ ದೊಡ್ಡವರಾದರು. ತರಕಾರಿ ಗಾಡಿಯ ಹತ್ತಿರ ಸಿಕ್ಕಾಗ ಅಕ್ಕನನ್ನು ವಿಚಾರಿಸಿದೆ. ‘ಏರಿಸ್ದಾಗ್ಲೂ ಕೇಳ್ಲಿಲ್ಲ, ಇಳಿಸ್ದಾಗ್ಲೂ ಕೇಳ್ಲಿಲ್ಲ. ಆ ಸೀರೆ ನನ್ದೂ ಅಲ್ಲ, ಕಂಪ್ಯೂಟರಲ್ಲಿ ಉಡಿಸಿದ್ದು’ ಎಂದು ಬೀನ್ಸ್ ಆರಿಸತೊಡಗಿದರು. ನನಗೇನೋ ಇವರೇ ನಿಂತರೆ ವಾಸಿ ಅನ್ನಿಸಿತು.

ಹಾಗೆಂದು ಅಣ್ಣನನ್ನು ಕಂಡರೆ ಅಯ್ಯೋ ಅನ್ನಬೇಕಾದ್ದೇನಿಲ್ಲ. ಚುನಾವಣೆ ಘೋಷಣೆಯಾದರೆ ತಾನೆ ನೀತಿಸಂಹಿತೆ? ಅದಿಲ್ಲದಿದ್ದರೆ ಸೀರೆ, ಕುಕ್ಕರು, ಗಣೇಶನ ಮೂರ್ತಿ, ರಂಗೋಲಿ ಸ್ಪರ್ಧೆಯ ಬಹುಮಾನ, ಟೆನಿಸ್ ಬಾಲ್ ಕ್ರಿಕೆಟ್ಟಿನ ಕಪ್ಪು ಎಲ್ಲವೂ ಸಮಾಜ ಸೇವೆ. ಖರ್ಚಿನ ಮಿತಿಯಿಲ್ಲ, ಲೆಕ್ಕ ಕೇಳುವವರಿಲ್ಲ. ಠೇವಣಿ ಕಳೆದುಕೊಳ್ಳುವ ಭಯವೂ ಇಲ್ಲ. ಇಷ್ಟು ವರ್ಷದಲ್ಲಿ ಅಣ್ಣನನ್ನು ಸೋಲಿಸಿದವರು ಒಬ್ಬರನ್ನು ತೋರಿಸಿ. ಒಂದು ಬೆಳಗ್ಗೆ ನಮ್ಮ ರಸ್ತೆಯ ಗುಂಡಿಯಲ್ಲಿ ಸ್ಕೂಟರ್ ಮಗುಚಿ, ನೇರ ಅಣ್ಣನ ಆಫೀಸಿಗೆ ಹೋದೆ. ಕಾಫಿ ತರಿಸಿದರು. ಎಲ್ಲ ಕೇಳಿಸಿಕೊಂಡು, ‘ನಾನಿನ್ನೂ ಗೆದ್ದಿಲ್ವಲ್ಲ ಸಾರ್’ ಅಂದರು. ಮಾಜಿಯನ್ನು ಕೇಳಿದರೆ ‘ನಂದು ಮುಗೀತಲ್ಲ ಸಾರ್’. ಇಂಜಿನಿಯರ್ ಹೇಳಿದ್ದು, ‘ಇದು ಈಗ ಯಾವ ಪಾಲಿಕೆಗೆ ಬರುತ್ತೆ ಅಂತ ನೋಡಬೇಕು’. ಗುಂಡಿ ಒಂದೇ ಇದ್ದ ಕಡೆ ಇದೆ.

ಅಣ್ಣನ ಬಲವೆಲ್ಲ ಎಮ್ಮೆಲ್ಲೆ ಸಾಹೇಬರು. ಪ್ರತಿ ಹುಟ್ಟುಹಬ್ಬಕ್ಕೂ ಸೇಬಿನ ಹಾರ ಹೊತ್ತು ಹೋಗುತ್ತಾರೆ. ಸಾಹೇಬರು ಹೆಗಲ ಮೇಲೆ ಕೈಯಿಟ್ಟು ‘ರೆಡಿ ಇರು’ ಎನ್ನುತ್ತಾರೆ. ಹಾಗೆಂದೇ ಎದುರು ಗುಂಪಿನ ಇನ್ನೂ ಮೂವರಿಗೆ ಹೇಳಿದ್ದಾರೆಂಬುದು ಊರಿಗೇ ಗೊತ್ತು. ಕಾರ್ಪೊರೇಟರ್ ಇಲ್ಲದ ಊರಿನಲ್ಲಿ ಚರಂಡಿ ಸ್ಲ್ಯಾಬಿನಿಂದ ಬೀದಿದೀಪದವರೆಗೆ ಗುದ್ದಲಿಪೂಜೆ ಮಾಡುವವರು ಅವರೊಬ್ಬರೇ. ಆ ಗುದ್ದಲಿಯನ್ನು ಚುನಾವಣೆ ನಡೆಸಿ ಇನ್ನೊಬ್ಬನ ಕೈಗೆ ಕೊಡುವಷ್ಟು ದಡ್ಡರು ಯಾವ ಪಕ್ಷದಲ್ಲೂ ಎಮ್ಮೆಲ್ಲೆ ಆಗುವುದಿಲ್ಲ. ಇದನ್ನು ಅಣ್ಣನಿಗೆ ಹೇಳಿದರೆ ‘ಸಾಹೇಬ್ರು ಹಂಗಲ್ಲ ಬಿಡಿ’ ಎನ್ನುತ್ತಾರೆ.

ಬೆಂಗಳೂರಿನವರಿಗಷ್ಟೇ ಈ ಭಾಗ್ಯ ಎಂದು ಹಳ್ಳಿಯವರು ಹೊಟ್ಟೆಕಿಚ್ಚು ಪಡಬೇಕಿಲ್ಲ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಓಟು ಬಿದ್ದದ್ದು 2016ರ ಫೆಬ್ರುವರಿಯಲ್ಲಿ, ಅವಧಿ ಮುಗಿದದ್ದು 2021ರಲ್ಲಿ. ಅಲ್ಲೂ ಊರ ಹೆಬ್ಬಾಗಿಲಲ್ಲಿ ಒಬ್ಬೊಬ್ಬ ಅಣ್ಣ ಕೈಮುಗಿದು ನಿಂತೇ ಇದ್ದಾರೆ. ಹಿನ್ನೆಲೆಯಲ್ಲಿ ಟ್ರ್ಯಾಕ್ಟರ್ ಎಂಬುದೊಂದೇ ವ್ಯತ್ಯಾಸ.

ಈ ಸಲದ ಫ್ಲೆಕ್ಸಿನಲ್ಲಿ ಒಂದು ಹೊಸ ಮುಖ ಇದೆ. ಹೊಸದು ಎನ್ನುವುದೂ ತಪ್ಪೇ. 2020ರ ಫ್ಲೆಕ್ಸಿನ ಕೆಳಸಾಲಿನಲ್ಲಿ ಸ್ಕೂಲ್ ಯೂನಿಫಾರ್ಮಿನಲ್ಲಿ ನಿಂತಿದ್ದ ಅಣ್ಣನ ಮಗ. ಈಗ ಅಪ್ಪನ ಭುಜಕ್ಕೆ ಭುಜ ಕೊಟ್ಟು, ಅಪ್ಪನದೇ ಬಿಳಿ ಬಟ್ಟೆ, ಅಪ್ಪನದೇ ಕಡಗ, ‘ಯುವ ನಾಯಕರು, ಯುವಕರ ಕಣ್ಮಣಿ’. ಮೊನ್ನೆ ಎಳನೀರು ಗಾಡಿಯ ಹತ್ತಿರ ಅಣ್ಣ ಸಿಕ್ಕಾಗ ಕೇಳಿದೆ.

‘ಏನಣ್ಣಾ, ಮಗನೂ ಆಕಾಂಕ್ಷಿನಾ?’

‘ಹೂಂ ಸಾರ್. ಈ ವರ್ಷ ಹದಿನೆಂಟು ತುಂಬ್ತು, ಓಟರ್ ಲಿಸ್ಟಿಗೆ ಹೆಸರು ಸೇರಿಸ್ದೆ.’

‘ಆದ್ರೆ ಕಾರ್ಪೊರೇಟರ್‌ಗೆ ನಿಲ್ಲೋಕೆ ಇಪ್ಪತ್ತೊಂದು ಆಗಿರ್ಬೇಕಲ್ವಾ?’

ಅಣ್ಣ ಎಳನೀರಿನ ಸ್ಟ್ರಾ ಬಾಯಿಂದ ತೆಗೆದು, ನನ್ನನ್ನು ಮರುಕದಿಂದ ನೋಡಿದರು.

‘ಎಲೆಕ್ಷನ್ ಬರೋಷ್ಟೊತ್ತಿಗೆ ಆಗಿರತ್ತೆ ಬಿಡಿ ಸಾರ್.’